ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ ಮೊದಲು ಫೋನ್ ಹಚ್ಚಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ದಾಲ್ ಮಿಲ್ ಇಟ್ಟವರು, ಅಡತ್ ಅಂಗಡಿ ನಡೆಸುವವರು, ಸಣ್ಣ ಕಾರ್ಖಾನೆ ಮಾಡಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. 2025ರ ಜನವರಿಯಲ್ಲಿ ನಾನು 6 ಲಕ್ಷ 80 ಸಾವಿರ ರೂಪಾಯಿ ಕಳೆದುಕೊಂಡೆ. ಯಾರೂ ನನ್ನ ಹತ್ತಿರ ಒಟಿಪಿ ಕೇಳಲಿಲ್ಲ. ನಾನು ಯಾವ ಲಿಂಕನ್ನೂ ಒತ್ತಲಿಲ್ಲ. ನಾನೇ ಬ್ಯಾಂಕಿಗೆ ಹೋಗಿ, ನಾನೇ ಫಾರ್ಮ್ ತುಂಬಿ, ಸಹಿ ಹಾಕಿ ಕಳ್ಳರ ಖಾತೆಗೆ ರೊಕ್ಕ ಕಳಿಸಿದೆ. ಅದಕ್ಕೂ ಮೊದಲು ಎರಡು ನಿಮಿಷ ಫೋನಿನಲ್ಲಿ ಮಾತಾಡಿದ್ದರೆ ಸಾಕಿತ್ತು.

ನಮ್ಮದು ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ದಾಲ್ ಮಿಲ್. ಅಪ್ಪ ಶುರು ಮಾಡಿದ್ದು. ಬೇಳೆಯ ಬಣ್ಣ ನೋಡಿ ಕಪ್ಪು ಕಾಳು, ಹರಳು ಬೇರೆ ಮಾಡುವ ಯಂತ್ರವನ್ನು ನಾವು ಸಾರ್ಟೆಕ್ಸ್ ಅಂತ ಕರೆಯುತ್ತೇವೆ. ಅದಿಲ್ಲದೆ ಈಗ ಹೈದರಾಬಾದಿನ ವ್ಯಾಪಾರಿಗಳು ಫಟ್ಕಾ ಅನ್ನುವ ತೊಗರಿ ಬೇಳೆಯನ್ನು ಒಳ್ಳೆಯ ದರಕ್ಕೆ ಮುಟ್ಟುವುದಿಲ್ಲ. ಎರಡು ವರ್ಷ ರೊಕ್ಕ ಕೂಡಿಸಿ ಹೊಸದೊಂದು ಸಾರ್ಟೆಕ್ಸ್ ಹಾಕಿಸಲು ಹೊರಟೆ. ತಮಿಳುನಾಡಿನ ಕಡೆಯ ಒಂದು ಕಂಪನಿ ಒಪ್ಪಿಗೆಯಾಯಿತು. ಅವರ ಮಾರಾಟದ ಹುಡುಗ ಒಮ್ಮೆ ಮಿಲ್ಲಿಗೆ ಬಂದಿದ್ದ. ನಮ್ಮ ಬೇಳೆ ಕೈಯಲ್ಲಿ ಹಿಡಿದು ನೋಡಿದ, ಚಹಾ ಕುಡಿದ, ತನ್ನ ನಂಬರ್ ಕೊಟ್ಟು ಹೋದ. ಆ ನಂಬರ್ ನನ್ನ ಫೋನಿನಲ್ಲಿ ಇತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಡೆಯವರೆಗೂ ಆ ನಂಬರ್ ನನ್ನ ಜೇಬಿನಲ್ಲೇ ಇತ್ತು.

ಆಮೇಲಿನ ಮಾತೆಲ್ಲ ಮೇಲ್‌ನಲ್ಲೇ ನಡೆಯಿತು. ಕೊಟೇಶನ್, ಮೋಟಾರ್ ಬದಲಾವಣೆ, ಸಾಗಣೆ ಖರ್ಚು, ಎಲ್ಲ. ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲು, ಡಿಸೆಂಬರ್ 28ಕ್ಕೆ, ಅವರ ಬಿಲ್ ಬಂತು. ಮುಂಗಡ 6,80,000. ಕೆಳಗೆ ಖಾತೆ ನಂಬರ್. ಹಬ್ಬ ಮುಗಿಯಲಿ ಅಂತ ಬಿಟ್ಟೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಸಜ್ಜಿ ರೊಟ್ಟಿ ಉಂಡು ಬಂದೆವು. ಅಷ್ಟರಲ್ಲಿ ಗಂಜ್‌ಗೆ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಗೆ, ಹೊಸ ತೊಗರಿ ಬರತೊಡಗಿತು. ನೆಹರು ಗಂಜ್ ಗೊತ್ತಿದ್ದವರಿಗೆ ಜನವರಿಯ ಗದ್ದಲ ಹೇಳಬೇಕಾಗಿಲ್ಲ. ಚೀಲ, ಹಮಾಲರು, ಲಾರಿ, ಹರಾಜಿನ ಸವಾಲು. ಕೂತು ಉಣ್ಣಲೂ ಪುರುಸೊತ್ತಿರುವುದಿಲ್ಲ.

ಜನವರಿ 8ಕ್ಕೆ ಇನ್ನೊಂದು ಮೇಲ್ ಬಂತು. ಅದೇ ಹುಡುಗನ ಹೆಸರು, ಅದೇ ಕಂಪನಿಯ ಗುರುತು. ಕೆಳಗೆ ನಮ್ಮ ಹಳೆಯ ಮಾತುಕತೆ ಪೂರ್ತಿ ಇತ್ತು. ನಾನು ಕೇಳಿದ ಮೋಟಾರಿನ ವಿಷಯವೂ ಇತ್ತು. ಹೊಸದಾಗಿ ಬರೆದದ್ದು ನಾಲ್ಕೇ ಸಾಲು. "ನಮ್ಮ ಹಳೆಯ ಖಾತೆಯಲ್ಲಿ ಆಡಿಟ್ ನಡೆದಿದೆ, ಮುಂಗಡವನ್ನು ಈ ಹೊಸ ಖಾತೆಗೆ ಹಾಕಿ, 10ನೇ ತಾರೀಖಿನೊಳಗೆ ಬಂದರೆ ಹಳೆಯ ದರವೇ ಇರುತ್ತದೆ." ಜೊತೆಗೆ ಹೊಸ ಬಿಲ್.

ನಮ್ಮ ಮುನೀಮರು ಅಪ್ಪನ ಕಾಲದಿಂದ ಇರುವವರು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಬಿಲ್ ಕೈಗೆ ತಗೊಂಡು ಅವರು ಒಂದು ಮಾತು ಹೇಳಿದರು.

"ಸಾವ್ಕಾರ್ರ, ಖಾತಾ ಬದಲ್ ಆಗೇದ ಅಂದ್ರ ಒಂದ್ ಸಲ ಫೋನ್ ಹಚ್ಚಿ ಕೇಳ್ರಿ."

"ಎಲ್ಲಾ ಬರದೇ ಕಳಿಸ್ಯಾರ ಕಾಕಾ, ಮತ್ತೇನ್ ಕೇಳೂದು?" ಅಂದೆ ನಾನು.

ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬರೆದದ್ದು ಅಂದರೆ ಗಟ್ಟಿ, ಬಾಯಿ ಮಾತು ಅಂದರೆ ಗಾಳಿ ಅಂತ ನಾನು ನಂಬಿದ್ದೆ.

ಇನ್ನೂ ಒಂದು ಕಾರಣ ಇತ್ತು. ಅದನ್ನು ಮುಚ್ಚಿಡುವುದಿಲ್ಲ, ಯಾಕಂದರೆ ನಮ್ಮ ಕಡೆಯ ಬಹಳ ಜನರಿಗೆ ಇದೇ ತೊಂದರೆ ಇದೆ. ಆ ಹುಡುಗನ ಮಾತೃಭಾಷೆ ತಮಿಳು. ಕಂಪನಿಯ ಆಫೀಸಿಗೆ ಫೋನ್ ಮಾಡಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಮಾತಾಡುವಾಗ ಮಾತ್ರ ನಾಲಿಗೆ ತಡೆಯುತ್ತದೆ. ಮೇಲ್ ಆದರೆ ನಿಧಾನಕ್ಕೆ ಕೂತು, ಮಗಳಿಗೆ ತೋರಿಸಿ ಕಳಿಸಬಹುದು. ಹಾಗಾಗಿ ಮೇಲ್ ನನಗೆ ಹಿತವಾಗಿತ್ತು. ತಪ್ಪು ಮಾತಾಡಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚಕ್ಕೆ ನಾನು ಫೋನ್ ಎತ್ತಲಿಲ್ಲ. ನೀವೂ ಹೀಗೇ ಇದ್ದರೆ ಆ ಸಂಕೋಚ ಬಿಡಿ. ನಿಮ್ಮ ರೊಕ್ಕ ತಗೊಳ್ಳುವವರು ನಿಮ್ಮ ವ್ಯಾಕರಣ ನೋಡುವುದಿಲ್ಲ.

10ನೇ ತಾರೀಖು ಶುಕ್ರವಾರ ಆ ಹೊಸ ಖಾತೆಗೆ ಆರ್‌ಟಿಜಿಎಸ್ ಮಾಡಿಸಿದೆ, ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ದಾರಿ ಅದು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಮಂಗಳವಾರ ಸಂಕ್ರಾಂತಿ. ಅವರು 10ನೇ ತಾರೀಖನ್ನೇ ಯಾಕೆ ಹೇಳಿದ್ದರು ಅನ್ನುವುದು ಆಮೇಲೆ ಕ್ಯಾಲೆಂಡರ್ ನೋಡಿದಾಗ ಹೊಳೆಯಿತು.

15ಕ್ಕೆ ಬೆಳಗ್ಗೆ ಆ ಹುಡುಗನೇ ಫೋನ್ ಮಾಡಿದ. ಹರಕು ಮುರುಕು ಹಿಂದಿಯಲ್ಲಿ, "ಭಾಯ್ ಸಾಬ್, ಅಡ್ವಾನ್ಸ್ ಕಬ್ ಡಾಲ್ತೇ?" ಅಂದ. ನಾನು ನಮ್ಮ ಕಲಬುರಗಿ ಹಿಂದಿಯಲ್ಲೇ ಉತ್ತರಿಸಿದೆ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು. "ಕಳಿಸಿ ಐದು ದಿನ ಆಯ್ತಲ್ಲ" ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ ಅವನು ಕೇಳಿದ, "ಯಾವ ಖಾತೆಗೆ?"

ಕೈಕಾಲು ತಣ್ಣಗಾದವು. ಆ ಸೀಸನ್‌ಗೆ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ಇತ್ತು. ರಾಜ್ಯ 450 ಸೇರಿಸಿ 8,000 ಮಾಡಿತ್ತು. ಆ ಲೆಕ್ಕದಲ್ಲಿ ಹೋದದ್ದು 85 ಕ್ವಿಂಟಲ್ ತೊಗರಿ. ನಮ್ಮ ಕಡೆ ಒಂದು ರೈತ ಕುಟುಂಬ ಅಷ್ಟು ಬೆಳೆಯಲು ಎಷ್ಟು ಎಕರೆ, ಎಷ್ಟು ಬೆವರು ಬೇಕು, ನಿಮಗೇ ಗೊತ್ತು.

ಮೊದಲು ಬ್ಯಾಂಕಿಗೆ ಓಡಿದೆ. ಅಲ್ಲಿ ತಿಳಿದ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಫಾರ್ಮಿನಲ್ಲಿ ನಾವು ಹೆಸರು, ಖಾತೆ ನಂಬರ್ ಎರಡನ್ನೂ ಬರೆಯುತ್ತೇವೆ. ಆದರೆ ರೊಕ್ಕ ಜಮಾ ಆಗುವುದು ನಂಬರ್ ನೋಡಿ ಮಾತ್ರ. ಹೆಸರು ಹೊಂದಲಿ, ಬಿಡಲಿ, ದುಡ್ಡು ಹೋಗುತ್ತದೆ. ನಾನು ಬರೆದದ್ದು ಕಂಪನಿಯ ಹೆಸರು. ಖಾತೆ ಇದ್ದದ್ದು ಬೇರೆ ರಾಜ್ಯದ ಯಾರೋ ಒಬ್ಬ ವ್ಯಕ್ತಿಯದು. ಆರ್‌ಟಿಜಿಎಸ್ ಒಮ್ಮೆ ಜಮಾ ಆದರೆ ನಮ್ಮ ಬ್ಯಾಂಕ್ ಅದನ್ನು ತಾನಾಗಿ ವಾಪಸ್ ಎಳೆದುಕೊಳ್ಳಲು ಬರುವುದಿಲ್ಲ. ಗ್ರಾಹಕನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಇತ್ತಲ್ಲ, ಅದನ್ನೂ ಹಿಡಿದುಕೊಂಡು ಹೋಗಿ ಕೇಳಿದೆ. ಅದು ನಮಗೆ ಗೊತ್ತಿಲ್ಲದೆ, ನಮ್ಮ ಒಪ್ಪಿಗೆ ಇಲ್ಲದೆ ನಡೆದ ವ್ಯವಹಾರಕ್ಕೆ. ಇಲ್ಲಿ ಸಹಿ ನನ್ನದೇ ಇತ್ತು.

2025ರ ಏಪ್ರಿಲ್ 1ರೊಳಗೆ ಆರ್‌ಟಿಜಿಎಸ್, ನೆಫ್ಟ್ ಎರಡಕ್ಕೂ ಖಾತೆದಾರನ ಹೆಸರು ಮೊದಲೇ ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ನಾನು ಕಳಿಸಿದ್ದು ಜನವರಿಯಲ್ಲಿ. ಈಗ ನೀವು ಕಳಿಸುವಾಗ ಆ ಹೆಸರನ್ನು ನೋಡಿಯೇ ಮುಂದುವರಿಯಿರಿ. ಬ್ಯಾಂಕಿನ ಕೌಂಟರಿನಲ್ಲೂ ಕೇಳಿ. ಸಾಲು ಜಾಸ್ತಿ ಇದೆ ಅಂತ ಬಿಡಬೇಡಿ.

ಅಲ್ಲಿಂದಲೇ 1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆ ದೂರಿಗೆ ಇರುವ ನಂಬರ್ ಅದು. ಅವರು ರೊಕ್ಕ ಯಾವ ಖಾತೆಯಿಂದ ಯಾವ ಖಾತೆಗೆ ಹೋಗಿದೆ ಅಂತ ಬ್ಯಾಂಕುಗಳ ಮೂಲಕ ಹಿಂಬಾಲಿಸಿ ಸಿಕ್ಕಷ್ಟನ್ನು ತಡೆಹಿಡಿಸುತ್ತಾರೆ. ಆದರೆ ನಾನು ಐದು ದಿನ ತಡವಾಗಿದ್ದೆ. ಬೇರೆ ಬೇರೆ ಖಾತೆಗಳಿಗೆ ಒಡೆದು ಹೋಗಿ, ಬಹುಪಾಲು ಆಗಲೇ ಎಟಿಎಂಗಳಿಂದ ಹೊರಗೆ ಬಂದಿತ್ತು. 1,12,000 ಮಾತ್ರ ಒಂದು ಖಾತೆಯಲ್ಲಿ ಸಿಕ್ಕಿತು. ಮೊದಲ ತಾಸುಗಳಲ್ಲೇ ಹೇಳಿದ್ದರೆ ಇನ್ನೂ ಜಾಸ್ತಿ ಉಳಿಯುತ್ತಿತ್ತು ಅಂದರು. ಹಾಗಾಗಿ ನಿಮಗೆ ಇಂಥದ್ದು ಆದರೆ ಮನೆಯವರಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತ ಕೂರಬೇಡಿ. ಮೊದಲು 1930. ಮನೆಯವರಿಗೆ ಆಮೇಲೆ ಹೇಳಬಹುದು.

ಸೈಬರ್ ಠಾಣೆಯಲ್ಲಿ ಒಬ್ಬರು ಸಮಾಧಾನದಿಂದ ನನ್ನ ಮೇಲ್ ತೆಗೆಸಿ ನೋಡಿದರು. ಮೋಸ ಹೇಗೆ ನಡೆದಿದೆ ಅಂತ ಆಗ ತಿಳಿಯಿತು. ನನ್ನ ಪಾಸ್‌ವರ್ಡ್ ಮಿಲ್ಲಿನ ಹೆಸರು ಮತ್ತು ಇಸವಿ. ಎಲ್ಲ ಕಡೆ ಅದೇ. ಜಿಎಸ್‌ಟಿ ಕಾಗದ ತೆಗೆಸಲು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೂ ಅದನ್ನು ಒತ್ತಿದ್ದೆ. ಯಾರೋ ಒಳಗೆ ಬಂದು, ಬಿಲ್ ಅನ್ನುವ ಪದ ಇರುವ ಮೇಲ್‌ಗಳೆಲ್ಲ ತಮಗೂ ಹೋಗುವಂತೆ ಸೆಟ್ಟಿಂಗ್ ಮಾಡಿಟ್ಟಿದ್ದರು. ಎಷ್ಟು ದಿನದಿಂದಲೋ ಕೂತು ಓದುತ್ತಿದ್ದರು. ರೊಕ್ಕ ಹೋಗುವ ಹೊತ್ತಿಗೆ ಸರಿಯಾಗಿ ನಡುವೆ ಬಂದರು. ಕಳ್ಳರು ಕಳಿಸಿದ ಮೇಲ್‌ನ ವಿಳಾಸದಲ್ಲಿ ಎಮ್ ಅಕ್ಷರದ ಜಾಗಕ್ಕೆ ಆರ್ ಮತ್ತು ಎನ್ ಎರಡನ್ನೂ ಅಂಟಿಸಿ ಬರೆದಿದ್ದರು. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆದು ನೋಡಿ, ಎರಡೂ ಒಂದೇ ಥರ ಕಾಣುತ್ತದೆ. ಫೋನಿನ ಪರದೆಯಲ್ಲಿ ವಿಳಾಸವೇ ಕಾಣುವುದಿಲ್ಲ, ಬರೀ ಹೆಸರು ಕಾಣುತ್ತದೆ.

ಈ ಮೋಸ ನಮ್ಮ ಊರಿನದಷ್ಟೇ ಅಲ್ಲ. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ವ್ಯವಹಾರದ ಮೇಲ್ ಹೆಸರಿನ ಇಂಥ ವಂಚನೆಯ 21,489 ದೂರು ಬಂದವು, ನಷ್ಟ ಸುಮಾರು 290 ಕೋಟಿ ಡಾಲರ್. ದೊಡ್ಡ ದೊಡ್ಡ ಕಂಪನಿಗಳೂ ಬಿದ್ದಿವೆ. ಓದಿದಾಗ ನನಗೆ ಸಮಾಧಾನ ಆಗಲಿಲ್ಲ. ಆದರೆ ಒಂದು ವಿಷಯ ಖಾತ್ರಿಯಾಯಿತು. ಅಕ್ಷರ ಯಾರು ಬೇಕಾದರೂ ಬರೆಯಬಹುದು.

ಅಪ್ಪನ ಕಾಲ ನೆನಪಾಗುತ್ತದೆ. ಗಂಜ್‌ನ ಅಂಗಡಿಯಲ್ಲಿ ಒಂದು ಕಪ್ಪು ಫೋನ್ ಇತ್ತು. ಎಸ್‌ಟಿಡಿ ಹಚ್ಚಿ ಜೋರಾಗಿ ಮಾತಾಡುತ್ತಿದ್ದರು. ದಲಾಲ "ಸಾವ್ಕಾರ್ರ, ಮಾಲ್ ಛಲೋ ಅದ" ಅಂದ ಕೂಡಲೇ, ಅಪ್ಪ ಮಾಲು ನಿಜವಾಗಲೂ ಚೆನ್ನಾಗಿದೆಯೋ ಇಲ್ಲವೋ ಅಂತ ದನಿಯಲ್ಲೇ ಹಿಡಿಯುತ್ತಿದ್ದರು. "ಒಂದ್ ಗಳಿಗಿ ತಡದು ಹೇಳ್ದಾ, ಏನೋ ಅದ" ಅನ್ನುತ್ತಿದ್ದರು. ಎಷ್ಟೋ ಸಲ ಅದು ಸರಿಯಾಗುತ್ತಿತ್ತು. ಆ ತಡೆದದ್ದು ಮೇಲ್‌ನಲ್ಲಿ ಬರುವುದಿಲ್ಲ, ಅಲ್ವಾ?

ಮೋಸವೇ ಇಲ್ಲದ ಕಡೆಯೂ ಹೀಗಾಗುತ್ತದೆ. ನನ್ನ ಗೆಳೆಯನೊಬ್ಬ ಮೇಲ್‌ನಲ್ಲೇ ಒಂದು ಲಾರಿ ಬೇಳೆ ಒಪ್ಪಿದ. ಇವನು ಕಳಿಸಿದ್ದು ಎಣ್ಣೆ ಪಾಲಿಶ್ ಇಲ್ಲದ್ದು. ಅವರಿಗೆ ಬೇಕಾಗಿದ್ದು ಹೊಳೆಯುವ ಬೇಳೆ. ಬರೆದದ್ದರಲ್ಲಿ ಎರಡೂ ಅರ್ಥ ಇತ್ತು. ಲಾರಿ ಅಲ್ಲೇ ಎರಡು ದಿನ ನಿಂತಿತು. ಕೊನೆಗೆ ದರ ಕಡಿಮೆ ಮಾಡಿ ಇಳಿಸಿದ. "ಹೊಳಪು ಬೇಕೇನ್ರಿ?" ಅಂತ ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಹಾಗಂತ ಮೇಲ್ ಬಿಡಿ ಅಂತ ನಾನು ಹೇಳುವುದಿಲ್ಲ. ದರ, ತೂಕ, ತಾರೀಖು ಬರಹದಲ್ಲಿ ಇರಲೇಬೇಕು. ನಾಳೆ ಜಗಳವಾದರೆ ಅದೇ ಆಧಾರ. ನನ್ನ ದೂರಿಗೂ ಆ ಮೇಲ್‌ಗಳೇ ಸಾಕ್ಷಿ. ಆದರೆ ರೊಕ್ಕ ಹೋಗುವ ದಾರಿ ಬದಲಾದರೆ, ಖಾತೆ ನಂಬರ್ ಆಗಲಿ ಹೆಸರಾಗಲಿ ಬ್ಯಾಂಕಾಗಲಿ, ದನಿ ಕೇಳದೆ ಒಂದು ರೂಪಾಯಿ ಕಳಿಸಬೇಡಿ. ಯಾವ ನಂಬರಿಗೆ ಫೋನ್ ಮಾಡುತ್ತೀರಿ ಅನ್ನುವುದು ಬಹಳ ಮುಖ್ಯ. ನನಗೆ ಬಂದ ಕಳ್ಳ ಬಿಲ್ಲಿನಲ್ಲಿ ಫೋನ್ ನಂಬರನ್ನೂ ಬದಲಿಸಿದ್ದರು. ಅದಕ್ಕೆ ಹಚ್ಚಿದ್ದರೆ ಕಳ್ಳನೇ ಎತ್ತಿ "ಹೌದು, ಹೊಸ ಖಾತೆ ಸರಿ ಇದೆ" ಅನ್ನುತ್ತಿದ್ದ. ನಿಮ್ಮ ಫೋನಿನಲ್ಲಿ ಮೊದಲಿಂದ ಇರುವ, ಒಮ್ಮೆಯಾದರೂ ಮಾತಾಡಿದ ನಂಬರಿಗೆ ಮಾಡಿ. ಅವರೇ ನಿಮಗೆ ಫೋನ್ ಮಾಡಿ ಖಾತೆ ಬದಲಾಗಿದೆ ಅಂದರೂ ಇಟ್ಟು, ನೀವು ತಿರುಗಿ ಮಾಡಿ. ಈಗ ದನಿಯನ್ನೂ ಕಂಪ್ಯೂಟರಿನಲ್ಲಿ ನಕಲು ಮಾಡುತ್ತಾರೆ. ಖಾತೆ ನಂಬರನ್ನು ನೀವು ಓದಿ "ಸರಿನಾ?" ಅಂತ ಕೇಳಬೇಡಿ. ಅವರ ಬಾಯಲ್ಲೇ ಹೇಳಿಸಿ, ನೀವು ಬಿಲ್ ನೋಡುತ್ತ ಹೋಗಿ.

ಮೇಲ್‌ಗೆ ಎರಡು ಹಂತದ ಭದ್ರತೆ ಹಾಕಿಸಿಕೊಳ್ಳಿ. ನಿಮ್ಮ ಮೇಲ್ ಬೇರೆ ಎಲ್ಲಿಗಾದರೂ ಹೋಗುತ್ತಿದೆಯಾ ಅಂತ ಸೆಟ್ಟಿಂಗ್‌ನಲ್ಲಿ ಇವತ್ತೇ ನೋಡಿ. ಬಾರದಿದ್ದರೆ ಮನೆಯ ಮಕ್ಕಳಿಗೆ ಹೇಳಿ, ಹತ್ತು ನಿಮಿಷದ ಕೆಲಸ.

ಸಾರ್ಟೆಕ್ಸ್ ಬಂದಿತು, ಜೂನ್‌ನಲ್ಲಿ, ಸಾಲ ಮಾಡಿ. ಎರಡನೇ ಸಲ ಮುಂಗಡ ಹಾಕುವ ದಿನ ಕಾಕಾ ಪಕ್ಕದಲ್ಲೇ ಕೂತಿದ್ದರು. ಆ ಹುಡುಗನಿಗೆ ನಾನೇ ಫೋನ್ ಹಚ್ಚಿದೆ, ಅವನು ಖಾತೆ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ, ಕಾಕಾ ಬಿಲ್ಲಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಖಾತೆ ಪುಸ್ತಕದಲ್ಲಿ ಯಾರ ಜೊತೆ, ಎಷ್ಟು ಗಂಟೆಗೆ ಮಾತಾಡಿದ್ದು ಅಂತ ಬರೆದರು. ಈಗ ನಮ್ಮಲ್ಲಿ ಪ್ರತಿ ದೊಡ್ಡ ಪಾವತಿಗೂ ಆ ಸಾಲು ಇರುತ್ತದೆ. ತಡೆಹಿಡಿದ 1,12,000 ಬಿಡಿಸಿಕೊಳ್ಳಲು ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇನೆ. ಉಳಿದದ್ದು ಬರುವ ಆಸೆ ಇಲ್ಲ.