ನಮ್ಮ ಸಭೆಯ ಸಂಡೇ ಸ್ಕೂಲ್: ಚಿಕ್ಕವರನ್ನು ಧೈರ್ಯವಾಗಿ ಕಳಿಸಿ, ದೊಡ್ಡವರ ಕ್ಲಾಸ್ ಮಾತ್ರ ಬದಲಾಗಬೇಕು

ಮಗ ಮೂರನೇ ಕ್ಲಾಸ್, ಮಗಳು ಒಂಬತ್ತನೇ ಕ್ಲಾಸ್. ಇಬ್ಬರೂ ಮಂಗಳೂರಿನ ನಮ್ಮ ಸಭೆಯ, ಅಂದರೆ ಚರ್ಚಿನ, ಸಂಡೇ ಸ್ಕೂಲಿಗೆ (ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ಕ್ಲಾಸಿಗೆ) ಹೋಗುತ್ತಾರೆ. ಸೇರಿಸುವುದೋ ಬೇಡವೋ ಎಂದು ತುಂಬಾ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕವರ ಕ್ಲಾಸ್ ಬಹಳ ಚೆನ್ನಾಗಿದೆ. ಒಂದು ಭಾನುವಾರ ನಾನೂ ಹಿಂದೆ ಕೂತು ನೋಡಿದೆ. ಪಾಠ ಒಳ್ಳೆಯ ಸಮಾರ್ಯದವನದು: ಯೆರೂಸಲೇಮಿನಿಂದ ಯೆರಿಕೋಗೆ ಹೋಗುವವನನ್ನು ಕಳ್ಳರು ಹೊಡೆದು ಬಿಟ್ಟುಹೋಗುತ್ತಾರೆ, ಯಾಜಕ (ದೇವಾಲಯದ ಪುರೋಹಿತ) ನೋಡಿಯೂ ದಾಟಿಹೋಗುತ್ತಾನೆ, ಪರಕೀಯನಾದ ಸಮಾರ್ಯದವನು ಅವನನ್ನು ಛತ್ರಕ್ಕೆ ಸೇರಿಸಿ ಆರೈಕೆ ಮಾಡಿಸುತ್ತಾನೆ. ಟೀಚರ್ ಸೀದಾ ಕಥೆಗೆ ಹೋಗಲಿಲ್ಲ. ಬೋರ್ಡಿನ ಮೇಲೆ ಒಂದು ಇಳಿಜಾರು ದಾರಿ ಬರೆದರು, ಯೆರೂಸಲೇಮ್ ಬೆಟ್ಟದ ಮೇಲಿನ ಊರು, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ, ನಡುವೆ ಬರೀ ಕಲ್ಲುಗುಡ್ಡ, ಚಾರ್ಮಾಡಿ ಘಾಟಿಯನ್ನು ಒಬ್ಬನೇ ನಡೆದು ಇಳಿದ ಹಾಗೆ ಎಂದರು. ಮಕ್ಕಳು ಗಪ್‌ಚುಪ್. ಆಗ ಒಬ್ಬಳು ಹುಡುಗಿ "ಟೀಚರ್, ಯಾಜಕ ಯಾಕೆ ನಿಲ್ಲಲಿಲ್ಲ?" ಎಂದು ಕೇಳಿದಳು. ಟೀಚರ್ ಉತ್ತರ ಕೊಡದೆ ಮಕ್ಕಳನ್ನೇ ಕೇಳಿದರು. ಅವನಿಗೂ ಕಳ್ಳರ ಭಯ ಅಂದ ಒಬ್ಬ, ಬೇರೆ ಯಾರಾದರೂ ನೋಡಿಕೊಳ್ತಾರೆ ಅಂದುಕೊಂಡಿರಬೇಕು ಅಂದಳು ಇನ್ನೊಬ್ಬಳು. ಸಮಾರ್ಯದವನು ಛತ್ರದವನಿಗೆ ಕೊಟ್ಟ ಎರಡು ನಾಣ್ಯ ಅಂದರೆ ಎರಡು ದಿನದ ಕೂಲಿ ಎಂದು ಗೊತ್ತಾದ ಮೇಲಂತೂ ನನ್ನ ಮಗ ಮನೆಗೆ ಬಂದು, ತೋಟದ ಕೆಲಸಕ್ಕೆ ಬರುವವರಿಗೆ ದಿನಕ್ಕೆ ಎಷ್ಟು ಕೊಡ್ತೀರಿ ಎಂದು ಕೇಳಿ ಲೆಕ್ಕ ಹಾಕಿದ. ಪಾಠ ಅಂದ್ರೆ ಇದು!

ಇಲ್ಲಿ ವಚನಗಳನ್ನು ಮಕ್ಕಳೇ ಸರದಿಯಲ್ಲಿ ಕನ್ನಡ ಬೈಬಲಿನಿಂದ ಓದಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಹಾಗಾಗಿ ಓದು ನಿಧಾನ. ಬೈಬಲ್ ಕಲಿಯಲು ಕಳಿಸಿದ್ದು, ಅಕ್ಷರ ಕಲಿಯಲು ಅಲ್ಲ ಎಂದು ಕೆಲವು ಪೋಷಕರ ತಕರಾರು. ನಾನು ಒಪ್ಪುವುದಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ನಡೆಸಿದ್ದೇ ವಾರವಿಡೀ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರೂ ಶಾಲೆ ತೆರೆದರು, 1841ರಲ್ಲಿ ಅಚ್ಚುಕೂಟವನ್ನೂ ಹಾಕಿದರು. ಓದಲು ಬಾರದ ಮಗು ಆರಾಧನೆಯಲ್ಲಿ ಸಂಗೀತ ಪುಸ್ತಕ (ಆರಾಧನೆಯ ಹಾಡಿನ ಪುಸ್ತಕ) ಹಿಡಿದು ಸುಮ್ನೆ ನಿಂತಿರುವುದನ್ನು ನೋಡಲು ನನಗಂತೂ ಕಷ್ಟ.

ಬೇಸಿಗೆ ರಜೆಯ ವಿಬಿಎಸ್ (ವೆಕೇಷನ್ ಬೈಬಲ್ ಸ್ಕೂಲ್, ರಜೆಯ ಬೈಬಲ್ ಶಿಬಿರ) ಕೂಡ ಚೆನ್ನಾಗಿತ್ತು. ಆಕ್ಷನ್ ಸಾಂಗ್, ಆಟ, ಕ್ರಾಫ್ಟ್, ಕೊನೆಯ ದಿನ ಮೆರವಣಿಗೆ. ಧ್ವನಿವರ್ಧಕದ ಸದ್ದು ಮಾತ್ರ ಜಾಸ್ತಿ. ಪ್ರತಿ ಕ್ಲಾಸಿನಲ್ಲಿ ಇಬ್ಬರು ಟೀಚರ್ ಇರುತ್ತಾರೆ, ಕರೆದೊಯ್ಯುವವರು ಸಹಿ ಮಾಡದೆ ಮಗುವನ್ನು ಯಾರ ಜೊತೆಗೂ ಕಳಿಸುವುದಿಲ್ಲ. ಇದು ಎಲ್ಲಾ ಸಭೆಗಳಲ್ಲೂ ಇರಲೇಬೇಕು.

ಬೇಸರ ಇರುವುದು ದೊಡ್ಡ ಮಕ್ಕಳ ವಿಷಯದಲ್ಲಿ. ದೃಢೀಕರಣದ ಕ್ಲಾಸ್ (ದೊಡ್ಡ ಮಕ್ಕಳು ಸಭೆಯ ಮುಂದೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ಮೊದಲಿನ ತಯಾರಿ) ಅಂದರೆ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಬಾಯಿಪಾಠ, ಒಪ್ಪಿಸುವುದು, ಮುಗೀತು. ಬಾಯಿಪಾಠ ಬೇಡ ಅಂತಲ್ಲ, ಕಷ್ಟದ ಹೊತ್ತಿನಲ್ಲಿ ನಾಲಿಗೆಗೆ ಬರುವುದು ಅದೇ. ಆದರೆ ನನ್ನ ಮಗಳು, ಸೈನ್ಸಿನಲ್ಲಿ ವಿಕಾಸ ಅಂತಾರೆ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಆರು ದಿನದ ಸೃಷ್ಟಿ ಅಂತಿದೆ, ಇದು ಹೇಗೆ ಎಂದು ಕೇಳಿದ್ದಕ್ಕೆ "ಅದೆಲ್ಲ ಆಮೇಲೆ" ಎಂದರಂತೆ ಆ ಕ್ಲಾಸಿನವರು. ಆ ಆಮೇಲೆ ಇನ್ನೂ ಬಂದಿಲ್ಲ. ಈ ವಯಸ್ಸಿನವರಿಗೆ ಭಾನುವಾರವೂ ಟ್ಯೂಷನ್ ಇರುತ್ತದೆ, ಅದನ್ನು ಬಿಟ್ಟು ಬಂದವರು ಪ್ರಶ್ನೆ ಕೇಳಿದಾಗ ಕೂತು ಮಾತಾಡಬೇಕಲ್ವಾ? ಚಿಕ್ಕವರ ಟೀಚರಿಗೆ ಬರುವ ಆ ತಾಳ್ಮೆಯೇ ಇಲ್ಲಿ ಬೇಕು. ಅಯ್ಯನವರ (ಸಭೆಯ ಪಾದ್ರಿಯ) ಹತ್ತಿರ ಹೇಳಿದ್ದೇನೆ, ತಿಂಗಳಿಗೊಂದು ಭಾನುವಾರ ಬರೀ ಪ್ರಶ್ನೆಗಳಿಗೆ ಇಡಿ ಎಂದು. ನೋಡೋಣ ಎಂದಿದ್ದಾರೆ.

ಸೇರಿಸುವವರು ಆರಾಧನೆ ಮುಗಿದ ಮೇಲೆ ಹೆಸರು ಕೊಡಬಹುದು. ಮಗುವಿಗೆ ಕನ್ನಡ ಓದಲು ಬರುವುದಿಲ್ಲ ಎಂದಾದರೆ ಮೊದಲೇ ಹೇಳಿ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ.