ರೀಕಂಡಿಷನ್ ಆಲ್ಟರ್ನೇಟರ್ ಹಾಕಿಸಿ ಎರಡು ವರ್ಷ: ಕೆಲಸ ಚೆನ್ನಾಗಿದೆ, ಒಂದು ತಕರಾರೂ ಇದೆ

ಬೆಳಿಗ್ಗೆ ಕಾರಿನಲ್ಲಿ ಕೂತು ಕೀ ತಿರುಗಿಸುತ್ತೇನೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿರುವ ಪುಟ್ಟ ವೋಲ್ಟ್‌ಮೀಟರ್‌ನಲ್ಲಿ 12.4 ವೋಲ್ಟ್ ಅಂತ ಕೆಂಪಗೆ ಬರುತ್ತದೆ. ಸೆಲ್ಫ್ ಹೊಡೆದ ಎರಡು ಸೆಕೆಂಡಿಗೆ ಅದೇ 14.2 ಆಗುತ್ತದೆ. ಅಂದರೆ ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ ಅಂತ. ಆಮೇಲೆಯೇ ಗೇರ್ ಹಾಕುವುದು. 250 ರೂಪಾಯಿಯ ಈ ಮೀಟರ್ ಕೊಟ್ಟಷ್ಟು ನೆಮ್ಮದಿ ಕಾರಿನ ಬೇರೆ ಯಾವ ಸಾಮಾನೂ ಕೊಟ್ಟಿಲ್ಲ.

ಈ ಅಭ್ಯಾಸ ಬಂದದ್ದು 2023ರ ಜುಲೈನಲ್ಲಿ, ಶಿರಾಡಿ ಘಾಟಿಯಲ್ಲಿ. ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ರಾತ್ರಿ, ಜೋರು ಮಳೆ. ಗುಂಡ್ಯ ದಾಟಿದ ಮೇಲೆ ವೈಪರ್ ನಿಧಾನವಾಯಿತು. ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿಯ ಹಾಗೆ ಹಳದಿಯಾಗಿ ಮಂಕಾಯಿತು. ಸ್ವಲ್ಪ ಹೊತ್ತಿಗೆ ಎಂಜಿನ್ನೇ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ, ಪಕ್ಕದಲ್ಲೇ ಉಜ್ಜಿಕೊಂಡು ಹೋಗುವ ಲಾರಿಗಳು.

ಮೂರು ವಾರದ ಹಿಂದಷ್ಟೇ 4,800 ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ್ದೆ. ಅಂಗಡಿಯವರು ಹಳೆಯದನ್ನು ನೋಡಿ "ಬ್ಯಾಟರಿ ಹೋಗಿದೆ ಸಾರ್" ಅಂದರು, ಅಷ್ಟೇ. ಎಂಜಿನ್ ಓಡುವಾಗ ಒಂದು ಸಲ ಮಲ್ಟಿಮೀಟರ್ ಹಿಡಿದಿದ್ದರೆ ಕೆಟ್ಟದ್ದು ಬ್ಯಾಟರಿಯಲ್ಲ, ಆಲ್ಟರ್ನೇಟರ್ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಾರನೇ ದಿನ ನಮ್ಮ ಎಲೆಕ್ಟ್ರಿಷಿಯನ್ ಅದನ್ನೇ ಮಾಡಿದರು. ಬ್ಯಾಟರಿ ಚಾರ್ಜ್ ಮಾಡಿ, ಎಂಜಿನ್ ಓಡಿಸಿ, ಎರಡೂ ಟರ್ಮಿನಲ್‌ಗೆ ಮೀಟರ್ ಇಟ್ಟರು. 13.8ರಿಂದ 14.5ರ ನಡುವೆ ಇರಬೇಕಿತ್ತು. ಬಂದದ್ದು 12.1. ಹೆಡ್‌ಲೈಟ್ ಹಾಕಿದರೆ 11.7. ಬೆಲ್ಟ್ ಬಿಗಿಯಾಗಿಯೇ ಇತ್ತು. "ಡೈನಮೋನೇ ಸಾರ್" ಅಂದರು. ಆಲ್ಟರ್ನೇಟರ್‌ಗೆ ಅವರು ಹೇಳುವುದೇ ಹಾಗೆ. (ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡುವವರು ಈಗಲೂ ಇದ್ದಾರೆ. ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟುಹೋಗಬಹುದು.)

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ, ಸ್ಪ್ಯಾನರ್ ಕಾರಿನ ಲೋಹದ ಭಾಗಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಕೆಳಗಿಳಿಸಿ ಬಿಚ್ಚಿ ತೋರಿಸಿದರು. ಕಾರ್ಬನ್ ಬ್ರಷ್ ಸವೆದು ಹೆಸರುಕಾಳಿನಷ್ಟು ಉಳಿದಿತ್ತು. ಅದು ಉಜ್ಜುವ ತಾಮ್ರದ ರಿಂಗಿನಲ್ಲಿ ಉಗುರು ಕೂರುವಷ್ಟು ಆಳದ ಗೆರೆ. ಒಮ್ಮೆ ತಾಗಿ, ಒಮ್ಮೆ ತಾಗದೆ ಅರೆಬರೆ ಚಾರ್ಜ್ ಆಗುತ್ತಿದ್ದುದರಿಂದಲೇ ಹೊಸ ಬ್ಯಾಟರಿ ಮೂರು ವಾರ ಎಳೆದದ್ದು.

ಹೊಸದಕ್ಕೆ 11,000 ಹೇಳಿದರು. ಹಳೇ ಕಾರಿಗೆ ಅದು ಜಾಸ್ತಿ ಅನ್ನಿಸಿತು. ರೀಕಂಡಿಷನ್ ಮಾಡಿದ್ದು 4,500ಕ್ಕೆ ಸಿಕ್ಕಿತು, ಆರು ತಿಂಗಳ ಗ್ಯಾರಂಟಿ. ಬ್ರಷ್, ವೋಲ್ಟೇಜ್ ಹತೋಟಿಯಲ್ಲಿಡುವ ಕಟೌಟ್, ಎರಡೂ ಬೇರಿಂಗ್ ಹೊಸದು ಅಂತ ಬಿಲ್ಲಿನ ಮೇಲೆ ಬರೆದುಕೊಟ್ಟರು.

27,000 ಕಿಲೋಮೀಟರ್ ಆಗಿದೆ. ಒಂದು ದಿನವೂ ಕೈಕೊಟ್ಟಿಲ್ಲ. ಸಿಗ್ನಲ್‌ನಲ್ಲಿ ಎಸಿ, ಲೈಟು, ವೈಪರ್ ಎಲ್ಲ ಹಾಕಿ ನಿಂತರೆ 13.3ಕ್ಕೆ ಇಳಿಯುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮತ್ತೆ 14. ಅದಕ್ಕೆ ನಾನು ಚಿಂತೆ ಮಾಡುವುದಿಲ್ಲ.

ಆದರೆ ಕಳೆದ ತಿಂಗಳು ಬಾನೆಟ್ ಒಳಗಿಂದ ಸುಂಯ್ ಅಂತ ಸದ್ದು ಶುರುವಾಯಿತು. ಬಿಚ್ಚಿದರೆ ಮುಂದಿನ ಬೇರಿಂಗ್ ಮಾತ್ರ ಹೊಸದು. ಹಿಂದಿನದು ಹಳೆಯದೇ, ಗ್ರೀಸ್ ಒಣಗಿ ಕಪ್ಪಗಾಗಿತ್ತು. ಬಿಲ್ಲಿನಲ್ಲಿ ಬರೆದದ್ದು ಸುಳ್ಳು. ದುಡ್ಡಿಗಿಂತ ಅದು ಬೇಜಾರು. ನೀವು ತಗೊಳ್ಳುವುದಾದರೆ ಎದುರಿಗೇ ಬಿಚ್ಚಿಸಿ, ಎರಡೂ ಬೇರಿಂಗ್ ನೋಡಿ ತಗೊಳ್ಳಿ.

550 ರೂಪಾಯಿಗೆ ಹಿಂದಿನದನ್ನೂ ಬದಲಿಸಿದ್ದಾಯಿತು. ಈಗ ಸದ್ದಿಲ್ಲ. ಮುಂದಿನ ವಾರ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ಅದೇ ಘಾಟಿಯಲ್ಲಿ.