ಪರಿಮಳವೂ ಬೇಕು, ಸುತ್ತು ಸುತ್ತಾಗಿ ಹೂವೂ ಬೇಕು: ಐದು ಪೊದೆ ಗುಲಾಬಿಗಳ ಹೋಲಿಕೆ

ಒಂದೇ ಮಣ್ಣಿನಲ್ಲಿ, ಒಂದೇ ಬಿಸಿಲಿಗೆ, ಒಂದೇ ಅಳತೆಯ ಗೊಬ್ಬರ ಕೊಟ್ಟು ಅಕ್ಕಪಕ್ಕ ಬೆಳೆಸಿ ನೋಡಿದ ಐದು ಪೊದೆ ಗುಲಾಬಿಗಳ ಹೋಲಿಕೆ ಇದು. ಡೇವಿಡ್ ಆಸ್ಟಿನ್ 1986ರಲ್ಲಿ ಹೊರತಂದ ಇಂಗ್ಲಿಷ್ ಗುಲಾಬಿ ಗರ್ಟ್ರೂಡ್ ಜೀಕಲ್. ನ್ಯಾನ್ಸಿ ಲಿಂಡ್ಸೆ ಇರಾನಿನಿಂದ ಇಂಗ್ಲೆಂಡಿಗೆ ತಂದ ಗಿಡ್ಡ ತಳಿ ರೋಸ್ ದ ರೆಷ್ಟ್. 1851ರ ಬೂರ್ಬನ್ ಗುಲಾಬಿ ಲೂಯಿಸ್ ಓಡಿಯೆ. 1901ರ ರುಗೋಸ ಮಿಶ್ರತಳಿ ರೋಸರೆ ದ ಲಾಯಿ. ಪೆಂಬರ್ಟನ್ ಅವರ 1928ರ ಹೈಬ್ರಿಡ್ ಮಸ್ಕ್ ಫೆಲಿಷಿಯಾ.

ಗಟ್ಟಿ ಪರಿಮಳ, ಬೇಗ ಬರುವ ಎರಡನೇ ಸುತ್ತು, ರೋಗವಿಲ್ಲದ ಎಲೆ – ಈ ಮೂರನ್ನೂ ಪೂರ್ತಿಯಾಗಿ ಕೊಡುವ ಗಿಡ ಈ ಐದರಲ್ಲಿ ಒಂದೂ ಇಲ್ಲ. ಯಾವುದರಲ್ಲಿ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಎಂದು ಮೊದಲೇ ನಿರ್ಧರಿಸಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಪರಿಮಳ

ಹೂವಿಗೆ ಮೂಗು ತಾಗಿಸಿ ನೋಡಿದರೆ ಗರ್ಟ್ರೂಡ್ ಜೀಕಲ್‌ಗೆ ಸಾಟಿಯಿಲ್ಲ. ಅದರದು ಹಳೆಯ ಡಮಾಸ್ಕ್ ಗುಲಾಬಿಯ ತುಂಬು ಪರಿಮಳ. ಪೋರ್ಟ್‌ಲ್ಯಾಂಡ್ ಗುಲಾಬಿಯಾದ ಕೋಂತ್ ದ ಶಾಂಬೋರ್ ಇದರ ಪೋಷಕ ತಳಿಗಳಲ್ಲೊಂದು, ಬಳುವಳಿ ಅಲ್ಲಿಂದಲೇ ಬಂದಿದೆ. ರೋಸ್ ದ ರೆಷ್ಟ್ ಅದೇ ಜಾಡಿನದು, ಆದರೆ ಹೂವು ಚಿಕ್ಕದಾದ್ದರಿಂದ ಒಂದೊಂದು ಹೂವಿನಿಂದ ಸಿಗುವ ಪರಿಮಳವೂ ತುಸು ಕಡಿಮೆ. ಲೂಯಿಸ್ ಓಡಿಯೆಯದು ಸಿಹಿಯಾದ, ಹಗುರ ಪರಿಮಳ.

ದೂರಕ್ಕೆ ಹರಡುವ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಫೆಲಿಷಿಯಾದ ಒಂದು ಹೂವನ್ನು ಮೂಸಿದರೆ ಅಷ್ಟೇನೂ ಅನ್ನಿಸದು. ಗೊಂಚಲು ಗೊಂಚಲಾಗಿ ಅರಳಿದ ಪೊದೆಯ ಪಕ್ಕ ಹಾದುಹೋದರೆ ಸಾಕು, ಗಾಳಿಯೇ ಪರಿಮಳ ತಂದುಕೊಡುತ್ತದೆ. ರೋಸರೆ ದ ಲಾಯಿಯೂ ಹಾಗೆಯೇ, ಅದರಲ್ಲಿ ಲವಂಗದ ಘಾಟು ಬೆರೆತಿದೆ. ಕಿಟಕಿಯ ಕೆಳಗೆ, ಕಾಲುದಾರಿಯ ಬದಿಯಲ್ಲಿ ನೆಡುವವರು ಇವೆರಡನ್ನೇ ಮೊದಲು ಪರಿಗಣಿಸಬೇಕು.

ಮೂಸಿ ನೋಡಲೂ ಹೊತ್ತುಗೊತ್ತು ಇದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ಅರ್ಧ ಅರಳಿದ ಹೂವನ್ನು ಆರಿಸಿಕೊಳ್ಳಿ. ಉರಿಬಿಸಿಲಿನಲ್ಲಿ ಪರಿಮಳದ ತೈಲಗಳು ಬೇಗ ಆವಿಯಾಗುತ್ತವೆ. ಮಧ್ಯಾಹ್ನ ಮೂಸಿ ‘ಈ ತಳಿಗೆ ಪರಿಮಳವೇ ಇಲ್ಲ’ ಎಂದು ತೀರ್ಪು ಕೊಡುವುದು ಗಿಡಕ್ಕೆ ಮಾಡುವ ಅನ್ಯಾಯ.

ಎರಡನೇ ಸುತ್ತು ಯಾವಾಗ?

ಈ ಗುಲಾಬಿಗಳು ಹೊಸ ಚಿಗುರಿನ ತುದಿಯಲ್ಲಿ ಮತ್ತೆ ಹೂ ಬಿಡುತ್ತವೆ. ಚಿಗುರು ನಿಂತರೆ ಹೂವೂ ನಿಂತಿತು. ಬೇರು ಒಣಗುವುದು, ಗೊಬ್ಬರ ಸಾಲದಿರುವುದು, ಎಲೆ ಉದುರುವುದು, ಕಾಯಿ ಕಟ್ಟುವುದು – ಮರುಹೂವನ್ನು ತಡೆಯುವ ಕಾರಣಗಳು ಬಹುತೇಕ ಇವಿಷ್ಟೇ.

ರೋಸರೆ ದ ಲಾಯಿ ಎಡೆಬಿಡದೆ ಮೊಗ್ಗು ಕಟ್ಟುತ್ತದೆ. ಕಾಯಿ ಕಟ್ಟುವುದು ತೀರಾ ಕಡಿಮೆ, ಆದ್ದರಿಂದ ಬಾಡಿದ ಹೂ ಕೀಳದಿದ್ದರೂ ನಡೆಯುತ್ತದೆ. ಆದರೆ ಎಸಳು ತೆಳು. ಬಿಸಿಯ ದಿನಗಳಲ್ಲಿ ಹೂ ಬೇಗ ಸೊರಗುತ್ತದೆ, ಹೂದಾನಿಗೆ ಒಗ್ಗುವುದಿಲ್ಲ. ಗರ್ಟ್ರೂಡ್ ಜೀಕಲ್ ಇದಕ್ಕೆ ತದ್ವಿರುದ್ಧ: ಒಮ್ಮೆಲೇ ಗಿಡ ತುಂಬ ಅರಳಿ, ಆರೇಳು ವಾರ ಬರೀ ಎಲೆಯಲ್ಲೇ ನಿಂತು, ಮತ್ತೆ ತುಂಬಿಕೊಳ್ಳುತ್ತದೆ. ಆ ಬಿಡುವನ್ನು ಕಂಡು ಗಾಬರಿಯಾಗಿ ಇನ್ನಷ್ಟು ಸಾರಜನಕ ಸುರಿದರೆ ಮೆತ್ತನೆಯ ಉದ್ದ ಚಿಗುರು ಬಂದು ಸಸ್ಯಹೇನು ಮುತ್ತುತ್ತದೆ, ಬೂದಿ ರೋಗ ಹಿಡಿಯುತ್ತದೆ. ಹೂವಂತೂ ಬೇಗ ಬರುವುದಿಲ್ಲ. ಲೂಯಿಸ್ ಓಡಿಯೆಯ ಮೊದಲ ಸುತ್ತು ಭರ್ಜರಿ, ಆಮೇಲಿನದು ಅಲ್ಲೊಂದು ಇಲ್ಲೊಂದು. ಫೆಲಿಷಿಯಾದ ಕೊನೆಯ ಸುತ್ತು ಮೊದಲನೆಯದಕ್ಕೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಇದು ಅಪರೂಪದ ಗುಣ. ರೋಸ್ ದ ರೆಷ್ಟ್ ಎಳೆಯ ವಯಸ್ಸಿನಲ್ಲಿ ಬಹಳ ಚುರುಕು; ಹಳೆಯ ಕಾಂಡಗಳನ್ನು ಹಾಗೇ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಮಂದವಾಗುತ್ತದೆ.

ಬಾಡಿದ ಹೂವನ್ನು ಐದು ಎಲೆಗಳ ಗರಿಯವರೆಗೆ ಇಳಿದು ಕತ್ತರಿಸಬೇಕು ಎಂಬುದು ರೂಢಿ. ಬಲಿಷ್ಠ ಗಿಡಕ್ಕೆ ಅದು ಸರಿ. ಎಳೆಯ ಗಿಡಕ್ಕೂ ಎಲೆ ಕಳೆದುಕೊಂಡ ಗಿಡಕ್ಕೂ ಹೂವಿನ ಬುಡದಲ್ಲೇ ಮುರಿಯುವುದು ಮೇಲು, ಏಕೆಂದರೆ ಉಳಿದ ಪ್ರತಿ ಎಲೆಯೂ ಮುಂದಿನ ಚಿಗುರಿಗೆ ಆಹಾರ ತಯಾರಿಸುತ್ತದೆ. ರೋಸ್ ದ ರೆಷ್ಟ್‌ನಲ್ಲಿ ಹೂವು ಎಲೆಗಳ ಮೇಲೇ ಕುಳಿತಿರುವುದರಿಂದ ಕತ್ತರಿ ಆಡಿಸಲು ಜಾಗವಿಲ್ಲ, ಬೆರಳಿನಿಂದಲೇ ಚಿವುಟಬೇಕು.

ಎಲೆಯ ಆರೋಗ್ಯ

ನಮ್ಮ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ ಇದೇ. ಕಪ್ಪು ಚುಕ್ಕೆ ರೋಗ ಬಂದು ಎಲೆ ಉದುರಿದರೆ ಎಂಥ ತಳಿಯೂ ಎರಡನೇ ಸುತ್ತಿಗೆ ಶಕ್ತಿ ಕೂಡಿಸಲಾರದು. ಲೂಯಿಸ್ ಓಡಿಯೆ ಇಲ್ಲಿ ಎಲ್ಲಕ್ಕಿಂತ ದುರ್ಬಲ. ಮಳೆ, ಮೋಡ ಹೆಚ್ಚಿರುವ ಕಡೆ ಕೆಳಗಿನ ಅರ್ಧ ಬೋಳಾಗುತ್ತದೆ. ಗರ್ಟ್ರೂಡ್ ಜೀಕಲ್ ನಡುವಿನದು. ರೆಷ್ಟ್ ಮತ್ತು ಫೆಲಿಷಿಯಾ ಸಾಕಷ್ಟು ಗಟ್ಟಿ. ರೋಸರೆ ದ ಲಾಯಿಯ ಸುಕ್ಕುಸುಕ್ಕಾದ ದಪ್ಪ ಎಲೆಗೆ ಈ ರೋಗ ಹತ್ತುವುದೇ ಅಪರೂಪ.

ಈ ಶಿಲೀಂಧ್ರದ ಬೀಜಕಣ ಮೊಳೆತು ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಸತತವಾಗಿ ಒದ್ದೆಯಾಗಿರಬೇಕು. ಹಾಗಾಗಿ ಸಂಜೆ ಮೇಲಿನಿಂದ ನೀರು ಚಿಮುಕಿಸುವುದು ರೋಗವನ್ನು ಕರೆದಂತೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು ಹಾಕಿ. ಪೊದೆಯ ನಡುವೆ ಗಾಳಿ ಆಡುವಂತೆ ಒಳಮುಖದ ರೆಂಬೆಗಳನ್ನು ತೆಗೆಯಿರಿ. ಉದುರಿದ ಎಲೆಯನ್ನು ಬುಡದಲ್ಲಿ ಕೊಳೆಯಲು ಬಿಡಬೇಡಿ, ಮುಂದಿನ ಸೋಂಕು ಅಲ್ಲಿಂದಲೇ ಏಳುತ್ತದೆ.

ರುಗೋಸ ಗುಂಪಿನ ಈ ರೋಸರೆ ದ ಲಾಯಿ ಬೆಳೆಸುವವರಿಗೆ ಎರಡು ಎಚ್ಚರಿಕೆ. ಉಳಿದ ಗಿಡಗಳಿಗೆ ಹೊಡೆಯುವ ಗಂಧಕ, ತಾಮ್ರದ ಔಷಧಿ ಇದರ ಮೇಲೆ ಬೀಳಬಾರದು. ಎಲೆ ಸುಟ್ಟು ಉದುರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ನರ ಹಸಿರಾಗಿದ್ದು ಉಳಿದ ಎಲೆ ಹಳದಿಯಾಗುತ್ತದೆ. ಅದು ರೋಗವಲ್ಲ, ಕಬ್ಬಿಣದ ಕೊರತೆ. ಕಬ್ಬಿಣದ ಚೀಲೇಟ್ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ತಾತ್ಕಾಲಿಕ ಉಪಾಯ. ಮಣ್ಣಿನ ರಸಸಾರ 7.5 ದಾಟಿದ್ದರೆ ಈ ತಳಿಯ ಆಸೆ ಬಿಡುವುದೇ ಒಳ್ಳೆಯದು.

ಸ್ವಂತ ಬೇರಿನ ಸಸಿಯೋ, ಕಸಿ ಸಸಿಯೋ?

ಕಸಿ ಸಸಿ ಮೊದಲ ಎರಡು ವರ್ಷ ಮುಂದೆ ಓಡುತ್ತದೆ. ಸ್ವಂತ ಬೇರಿನದು ನಿಧಾನ, ಆದರೆ ಬುಡದವರೆಗೆ ಸತ್ತರೂ ಅದೇ ತಳಿಯಾಗಿ ಮತ್ತೆ ಚಿಗುರುತ್ತದೆ. ರೋಸ್ ದ ರೆಷ್ಟ್‌ಗೆ ನಾವು ಸ್ವಂತ ಬೇರನ್ನೇ ಹೇಳುತ್ತೇವೆ. ರೋಸರೆ ದ ಲಾಯಿ ಸ್ವಂತ ಬೇರಿನಲ್ಲಿ ಸುತ್ತಲೂ ಮರಿ ಎಬ್ಬಿಸುತ್ತದೆ. ಬೇಲಿಗೆ ಅದು ವರ, ಸಣ್ಣ ಪಾತಿಗೆ ತೊಂದರೆ.

ಕಸಿ ಗಿಡದಲ್ಲಿ ಬುಡದಿಂದ ಬಂದ ಬೇರುಕಾಂಡದ (ಕಸಿ ಕಟ್ಟಲು ಬಳಸಿದ ಕೆಳಗಿನ ಗಿಡದ) ಚಿಗುರನ್ನು ಗುರುತಿಸಲು ‘ಏಳು ಎಲೆಗಳ ಗರಿ ಇದ್ದರೆ ಕಿತ್ತುಹಾಕಿ’ ಎನ್ನುವ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ, ರುಗೋಸಕ್ಕೆ ಏಳು, ಒಂಬತ್ತು ಸಹಜ. ಚಿಗುರು ಹೊರಟ ಜಾಗವನ್ನು ಮಣ್ಣು ಕೆದಕಿ ನೋಡಿ: ಕಸಿ ಗಂಟಿನ ಕೆಳಗಿನದಾದರೆ ಹಿಡಿದು ಎಳೆದು ಕೀಳಿ. ಕತ್ತರಿಸಿದರೆ ಬುಡದ ಕಣ್ಣುಗಳು ಉಳಿದು ಒಂದಿದ್ದ ಜಾಗದಲ್ಲಿ ಮೂರು ಬರುತ್ತವೆ.

ನೆಡುವುದು, ಸವರುವುದು

ನಾಟಿ ಐದಕ್ಕೂ ಒಂದೇ. 50 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ. ಮೂರು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು. ಫೆಲಿಷಿಯಾ ಮಾತ್ರ ನಾಲ್ಕೈದು ಗಂಟೆಗೂ ಹೊಂದಿಕೊಳ್ಳುತ್ತದೆ. ಬುಡಕ್ಕೆ 5ರಿಂದ 7 ಸೆಂ.ಮೀ. ಹೊದಿಕೆ, ಕಾಂಡಕ್ಕೆ ತಾಗದಂತೆ. ಒಣಹವೆಯಲ್ಲಿ ವಾರಕ್ಕೆ ಎರಡು ಸಲ ತಲಾ 10 ಲೀಟರ್ ನೀರು. ದಿನವೂ ಒಂದೊಂದು ಚೊಂಬು ಹಾಕಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ.

ಚಾಟನಿಯಲ್ಲಿ ಮಾತ್ರ ಐದಕ್ಕೂ ಐದು ದಾರಿ. ರೋಸ್ ದ ರೆಷ್ಟ್‌ಗೆ ಪ್ರತಿ ವರ್ಷ ಮೂರನೇ ಒಂದು ಭಾಗ ಕಡಿತ, ಜೊತೆಗೆ ಅತಿ ಹಳೆಯ ಒಂದೆರಡು ಕಾಂಡಗಳನ್ನು ನೆಲಮಟ್ಟಕ್ಕೆ ತೆಗೆಯಬೇಕು. ಇಲ್ಲಿ ಕೈ ಹಿಡಿತ ಮಾಡಬಾರದು. ಗರ್ಟ್ರೂಡ್ ಜೀಕಲ್‌ಗೆ ಅರ್ಧದಷ್ಟು. ಅದರ ಮುಳ್ಳಿನ ಉದ್ದ ಕಾಂಡಗಳನ್ನು ಸವರುವ ಬದಲು ಬಾಗಿಸಿ ತಂತಿಗೆ ಕಟ್ಟಿದರೆ ತುದಿಯ ಮೊಗ್ಗಿನ ಹಿಡಿತ ತಪ್ಪಿ, ಉದ್ದಕ್ಕೂ ಪಕ್ಕದ ಕಣ್ಣುಗಳು ಒಡೆದು ಹೂ ಬರುತ್ತದೆ. ಲೂಯಿಸ್ ಓಡಿಯೆಗಂತೂ ಬಾಗಿಸಿ ನೆಲದ ಗೂಟಕ್ಕೆ ಕಟ್ಟುವುದೇ ಅತ್ಯುತ್ತಮ. ಫೆಲಿಷಿಯಾಗೆ ತುದಿ ಸವರಿ ಒಳಗನ್ನು ತೆಳುವಾಗಿಸಿದರೆ ಸಾಕು. ರುಗೋಸಕ್ಕೆ ಹಳೆಯ ಕಾಂಡ ತೆಗೆಯುವುದಷ್ಟೇ ಕೆಲಸ, ಆದರೆ ದಪ್ಪ ಕೈಗವಸು ಬೇಕೇ ಬೇಕು.

ಯಾರಿಗೆ ಯಾವುದು

ಕುಂಡಕ್ಕೆ ರೋಸ್ ದ ರೆಷ್ಟ್ ಒಂದೇ: ಒಂದು ಮೀಟರ್ ದಾಟುವುದಿಲ್ಲ, 40 ಲೀಟರಿನ ಕುಂಡ ಸಾಕು. ಔಷಧಿ ಮುಟ್ಟದವರಿಗೆ, ಹುಳಿ ಮಣ್ಣು ಇರುವವರಿಗೆ ರೋಸರೆ ದ ಲಾಯಿ. ಕತ್ತರಿಸಿ ಹೂದಾನಿಗೆ ಇಡುವವರಿಗೆ ಗರ್ಟ್ರೂಡ್ ಜೀಕಲ್. ಲೂಯಿಸ್ ಓಡಿಯೆಯ ಹೂವಿನ ಆಕಾರ ಐದರಲ್ಲೂ ಅತಿ ಚೆಂದ, ಆದರೂ ಒಣಹವೆಯ ಪ್ರದೇಶ ಬಿಟ್ಟು ಬೇರೆಡೆ ಮೊದಲ ಗುಲಾಬಿಯಾಗಿ ಅದನ್ನು ನೆಡಬೇಡಿ. ಎರಡು ಗಿಡಕ್ಕೆ ಜಾಗವಿದ್ದರೆ ಹಿಂದೆ ಫೆಲಿಷಿಯಾ, ಮುಂದೆ ರೆಷ್ಟ್, ನಡುವೆ ಒಂದೂವರೆ ಮೀಟರ್ ಅಂತರ. ಗರ್ಟ್ರೂಡ್ ಎಲೆಯಲ್ಲಿ ನಿಲ್ಲುವ ವಾರಗಳಲ್ಲೂ ಈ ಜೋಡಿಯಲ್ಲಿ ಒಂದಲ್ಲ ಒಂದರ ಹೂ ಸಿಗುತ್ತದೆ.